ಮೀಟರಿಗೆ ಹೊಟ್ಟೆ ಇಲ್ಲ

ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಕುದುರೆಗಳಿಗೆ ರಜೆ ಇದ್ದ ದಿನ ಸಂಗೀತೋತ್ಸವದ ಬಾಸ್, ಅಂದರೆ ತೀರ ತಗ್ಗು ಸ್ವರದ ಗುದ್ದು, ಓಡುತ್ತದೆ. ಚಳಿಗಾಲದ ಶನಿವಾರ, ಸಂಜೆ ಆರರ ಹೊತ್ತು. ವರ್ಲಿ ಕಡೆಯ ಕನ್ನಡದವರ ಮನೆಯೊಂದರ ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಒಗ್ಗರಣೆ ಡಬ್ಬಿಯೊಳಗಿನ ಸಾಸಿವೆ ತಾನಾಗಿ ಸಾಲು ಕಟ್ಟಿಕೊಳ್ಳುತ್ತದೆ.

"ಏನೋ ಅದು?"

"ಬಾಸ್, ಅಜ್ಜಿ."

"ಯಾರ ಬಾಸೋ? ಅವನ ಮನೇಲಿ ಲೋಟ ಇಲ್ವಾ?"

ಬಯಲು ಸಂಗೀತೋತ್ಸವವೂ ಕೋಟಿಗಟ್ಟಲೆ ಸುರಿದು ತೆಗೆದ ಪ್ರಳಯದ ಸಿನಿಮಾವೂ ಮಾರುವ ಸರಕು ಒಂದೇ: 30ರಿಂದ 60 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳ ತಗ್ಗು ಸದ್ದು, ಕಿವಿಗಲ್ಲ, ಹೊಟ್ಟೆಗೆ. ಬಯಲಿನಲ್ಲಿ ಅದಕ್ಕೆ ವೇದಿಕೆಯ ಕೆಳಗೆ 18 ಇಂಚಿನ ಸಬ್‌ವೂಫರ್‌ಗಳನ್ನು, ಅಂದರೆ ಬಾಸಿಗೆಂದೇ ಮಾಡಿದ ಸ್ಪೀಕರುಗಳನ್ನು, ಗೋಡೆಯಂತೆ ಪೇರಿಸುತ್ತಾರೆ. ಮಲ್ಟಿಪ್ಲೆಕ್ಸಿನಲ್ಲಿ 5.1 ಅನ್ನುತ್ತಾರಲ್ಲ, ಅದರಲ್ಲಿ ಐದು ಮಾಮೂಲು ಚಾನೆಲ್, ಬಾಸಿಗೆಂದೇ ಇನ್ನೊಂದು; ಆ ಪುಟ್ಟ '.1' ಇರುವುದೇ ಕಟ್ಟಡ ಕುಸಿಯುವ ಸದ್ದಿಗೆ. ಮಿಕ್ಕ ಚಾನೆಲ್‌ಗಳಿಗಿಂತ ಅದಕ್ಕೆ 10 ಡೆಸಿಬೆಲ್ ಹೆಚ್ಚು ಅವಕಾಶ. 1974ರಲ್ಲಿ 'ಅರ್ಥ್‌ಕ್ವೇಕ್' ಚಿತ್ರಕ್ಕಾಗಿ ಥಿಯೇಟರುಗಳಲ್ಲಿ ದೈತ್ಯ ಸ್ಪೀಕರುಗಳನ್ನು ಇಟ್ಟಾಗ ಹಾಲಿವುಡ್ಡಿನ ಚೈನೀಸ್ ಥಿಯೇಟರಿನಲ್ಲಿ ಉದುರುವ ಗಾರೆ ಪ್ರೇಕ್ಷಕರ ತಲೆಗೆ ಬೀಳದಂತೆ ಬಲೆ ಕಟ್ಟಬೇಕಾಯಿತು. ವರ್ಲಿಯಲ್ಲಿ ಬಲೆ ಕಟ್ಟುವವರಿಲ್ಲ. ಅಲ್ಲಿ ಟಿಕೆಟ್ಟೂ ಇಲ್ಲ ಅನ್ನಿ, ಪ್ರದರ್ಶನ ಪೂರ್ತಿ ಉಚಿತ.

50 ಹರ್ಟ್ಸ್ ಅಲೆಯ ಉದ್ದ ಸುಮಾರು 7 ಮೀಟರ್. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಅದರ ಲೆಕ್ಕಕ್ಕೇ ಇಲ್ಲ. ಕಿಟಕಿ ಮುಚ್ಚಿದರೆ ಹಾಡು ಹೊರಗುಳಿಯುತ್ತದೆ, ಗುದ್ದು ಒಳಗೆ ಬರುತ್ತದೆ. ದೂರು ಕೊಟ್ಟರೆ ಪೊಲೀಸರು ಸದ್ದು ಅಳೆಯುವ ಮೀಟರ್ ಹಿಡಿದು ಬರುತ್ತಾರೆ. ನಿಜವಾದ ಹಾಸ್ಯ ಶುರುವಾಗುವುದು ಆಮೇಲೆ.

ಶಬ್ದಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45. ಧ್ವನಿವರ್ಧಕ ಹಾಕಿದ ಸಾರ್ವಜನಿಕ ಜಾಗದ ಗಡಿಯಲ್ಲಿ ಅದಕ್ಕಿಂತ 10 ಹೆಚ್ಚು, ಇಲ್ಲವೇ 75, ಯಾವುದು ಕಡಿಮೆಯೋ ಅದು. ಎಲ್ಲವೂ 'ಡೆಸಿಬೆಲ್ ಎ' ಲೆಕ್ಕ. ಈ 'ಎ' ಅನ್ನುವುದು ಮೆಲ್ಲಗಿನ ಸದ್ದನ್ನು ಮನುಷ್ಯನ ಕಿವಿ ಹೇಗೆ ಕೇಳುತ್ತದೋ ಹಾಗೆ ತೂಗುವ ತಕ್ಕಡಿ. ಮೆಲ್ಲಗಿನ ತಗ್ಗು ಸ್ವರ ಕಿವಿಗೆ ಅಷ್ಟಾಗಿ ಕೇಳಿಸುವುದಿಲ್ಲ, ಹಾಗಾಗಿ 50 ಹರ್ಟ್ಸಿನ ಮೇಲೆ ತಕ್ಕಡಿ ಸರಿಸುಮಾರು 30 ಡೆಸಿಬೆಲ್ ರಿಯಾಯಿತಿ ಕೊಡುತ್ತದೆ. ಗಡಿಯಲ್ಲಿ ಬಾಸ್ 90 ಇದ್ದರೆ ಮೀಟರ್ 60 ತೋರಿಸುತ್ತದೆ. ಅಲ್ಲಿ ಹಗಲಿನ ಮಿತಿ 55ಕ್ಕೆ 10 ಸೇರಿ 65. ನಿಯಮ ಪಾಲನೆಯಾಗಿದೆ, ಸಹಿ ಹಾಕಿ. ಬಹುತೇಕ ಮೀಟರುಗಳಲ್ಲಿ ಪಕ್ಕದಲ್ಲೇ 'ಸಿ' ಎಂಬ ಇನ್ನೊಂದು ಆಯ್ಕೆಯೂ ಇರುತ್ತದೆ. ಅದನ್ನು ಒತ್ತಿದರೆ ಅದೇ ಬಾಸ್ 89 ಆಗಿಬಿಡುತ್ತದೆ. ಆದರೆ ನಿಯಮದಲ್ಲಿ ಬರೆದಿರುವುದು 'ಎ'. ಲೋಟ ಕುಣಿಯುವುದನ್ನು ಕಣ್ಣಾರೆ ಕಂಡ ಪೇದೆಯೂ 60 ಎಂದೇ ಬರೆದುಕೊಂಡು ಹೋಗಬೇಕು.

ಇದೇ ತಕ್ಕಡಿಯನ್ನು ಪುಣೆಗೆ ಒಯ್ಯಿರಿ. ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಶುರುಮಾಡಿದ ಸವಾಯಿ ಗಂಧರ್ವ ಮಹೋತ್ಸವ ಒಂದು ಕಾಲಕ್ಕೆ ಬೆಳಗಾಗುವ ತನಕ ನಡೆಯುತ್ತಿತ್ತು. ಈಗ ರಾತ್ರಿ 10ಕ್ಕೆ ಮೈಕು ಬಂದ್. ವರ್ಷದಲ್ಲಿ 15 ದಿನ ಮೀರದಂತೆ ಸರ್ಕಾರ 12ರ ತನಕ ಬಿಡಬಹುದು, ಅಷ್ಟೆ. ಅಪರಾತ್ರಿಯ ರಾಗಗಳು ಗಡಿಯಾರ ನೋಡಿಕೊಂಡು ಸಂಜೆಗೇ ಬಂದು ಕೂರಬೇಕು. ಗಾಯನದ ಜೀವಾಳವೆಲ್ಲ ಕೆಲವು ನೂರರಿಂದ ಎರಡು ಮೂರು ಸಾವಿರ ಹರ್ಟ್ಸಿನೊಳಗೆ ಇರುತ್ತದೆ. ಅಲ್ಲಿ 'ಎ' ತಕ್ಕಡಿಯ ರಿಯಾಯಿತಿ ಬಾಸಿಗಿಂತ ಬಹಳ ಕಡಿಮೆ, 1000 ಹರ್ಟ್ಸಿಗೆ ಸೊನ್ನೆ, 2000 ಹರ್ಟ್ಸಿನ ಹತ್ತಿರ ತುಸು ಮೇಲ್ತೆರಿಗೆ ಬೇರೆ! ಅಂದರೆ ತಾರಸಪ್ತಕದ ತಾನಿಗೆ ಪೂರ್ತಿ ಬೆಲೆ, ಗೋಡೆ ನಡುಗಿಸುವವನಿಗೆ ಹಬ್ಬದ ಡಿಸ್ಕೌಂಟ್.

ಪರಿಹಾರ ಇಲ್ಲವೆಂದಲ್ಲ. ಕೆಲವು ಸಬ್‌ವೂಫರ್‌ಗಳನ್ನು ಹಿಂದಕ್ಕೆ ಮುಖ ಮಾಡಿಸಿ, ತಕ್ಕಷ್ಟು ತಡಮಾಡಿಸಿ, ಅಲೆಯನ್ನು ತಲೆಕೆಳಗಾಗಿಸಿದರೆ ವೇದಿಕೆಯ ಹಿಂದಿನ ಬಾಸ್ ತನಗೆ ತಾನೇ ಹೊಡೆದುಕೊಂಡು ಸಾಯುತ್ತದೆ. ಆದರೆ ಅದೇ ಗುದ್ದಿಗೆ ಪೆಟ್ಟಿಗೆಗಳು ಹೆಚ್ಚು ಬೇಕು, ಬಾಡಿಗೆ ಹೆಚ್ಚು. ಬಜೆಟ್ಟಿನಲ್ಲಿ ಆ ಸಾಲು ಬರುವ ಹೊತ್ತಿಗೆ ಪಟಾಕಿಯ ಸಾಲು ಮುಗಿದಿರಬೇಕಲ್ಲ.

ಟಿಕೆಟ್ ಕೊಂಡವರು ಮಿಕ್ಸಿಂಗ್ ಟೆಂಟಿನ ಹತ್ತಿರ ನಿಲ್ಲಿ. ಇಂಜಿನಿಯರು ಇಡೀ ಸದ್ದನ್ನು ಹದ ಮಾಡುವುದು ಅಲ್ಲಿ ನಿಂತೇ. ಎಡಬಲದ ಸಬ್‌ಗಳು ಕೂಡುವ ನಟ್ಟನಡುವಿನ ಗೆರೆಯಲ್ಲಿ ಗುದ್ದು ಅತಿಯಾಗುತ್ತದೆ. ನಾಲ್ಕೈದು ಹೆಜ್ಜೆ ಪಕ್ಕಕ್ಕೆ ಸರಿದರೆ ಉಸಿರಾಡಬಹುದು. ಫೋಮಿನ ಇಯರ್‌ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಕಿವಿಯನ್ನು ಮೇಲಕ್ಕೆಳೆದು ತೂರಿಸಿ, ಅದು ಉಬ್ಬುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಅದು ಮೇಲಿನ ಸ್ವರಗಳನ್ನೇ ಹೆಚ್ಚು ತಡೆಯುತ್ತದೆ. ಹಾಡು ಕಮ್ಮಿಯಾಗಿ ಬಾಸ್ ಉಳಿಯುತ್ತದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ.

ರಾತ್ರಿ ಹತ್ತಾಯಿತು. ಬಾಸ್ ನಿಂತಿತು. ಅಜ್ಜಿ ಲೋಟಗಳ ನಡುವೆ ಮಡಿಸಿಟ್ಟ ಪೇಪರ್ ತೆಗೆದಳು. ಮೊಮ್ಮಗ ಮೊಬೈಲಿನಲ್ಲಿ ಮರುದಿನದ ಸಿನಿಮಾಕ್ಕೆ ಸೀಟು ಹುಡುಕುತ್ತಿದ್ದ. ಹಿಂದಿನಿಂದ ಮೂರನೇ ಸಾಲು, ನಡುವಿನದು, ಅಲುಗಾಡುವ ಕುರ್ಚಿ.

"ಯಾವ ಸಿನಿಮಾನೋ?"

"ಭೂಕಂಪದ್ದು ಅಜ್ಜಿ. ಊರೆಲ್ಲ ನಡುಗತ್ತೆ. ನೀವೂ ಬರ್ತೀರಾ?"

"ಮೊದಲ ಭಾಗ ಆಗ್ಲೇ ನೋಡಿದೆ ಕಣೋ."