ಎಚ್ಚರ, ಮಾರಾಯ್ರೆ!

ತೆಂಗಿನಕಾಯಿ ಕೀಳುವವರು ಮರ ಹತ್ತಿದರೆ ಸಾಕು, ಉಡುಪಿ ಕಡೆಯ ಅಂಗಳದಲ್ಲಿ ಸಣ್ಣದೊಂದು ತುರ್ತು ಪರಿಸ್ಥಿತಿ ಜಾರಿಗೆ ಬರುತ್ತದೆ. ಮಕ್ಕಳು ಜಗಲಿ ಹತ್ತಬೇಕು, ನಾಯಿಯನ್ನು ಕಟ್ಟಬೇಕು. ಬಟ್ಟೆ ಒಣಹಾಕುತ್ತಿರುವ ಅಜ್ಜಿ ಮಾತ್ರ ಯಾವ ಕಾನೂನಿಗೂ ಬಗ್ಗುವುದಿಲ್ಲ. ಮೇಲೆ ಗರಿಗಳ ನಡುವೆ ಕತ್ತಿಯ ಟಕ್ ಟಕ್. ಒಣ ಮಡಲೊಂದು ಜಾರಿ ಬೀಳುತ್ತದೆ. ಆಮೇಲೆ ಕೂಗು: "ಜಾಗ್ರತೆ!"

ಇಂಗ್ಲಿಷಿನವರಾದರೆ 'ವಾಚ್ ಔಟ್' ಅಂತ ಕೂಗುತ್ತಿದ್ದರು. ನನಗೆ ಆ 'ಔಟ್' ಮೇಲೆಯೇ ಕುತೂಹಲ ಜಾಸ್ತಿ. ಬರೀ 'ವಾಚ್' ಅಂದರೆ ಸುಮ್ನೆ ಕೂತು ನೋಡುವುದು. ಮರದ ಮೇಲಿನವರು ಅಷ್ಟೇ ಹೇಳಿ ಬಿಟ್ಟರೆ ಕಾಯಿ ಬೀಳುವ ಚಂದ ನೋಡುತ್ತಾ ನಿಲ್ಲಬೇಕಾದೀತು. 'ಔಟ್' ಸೇರಿತೋ, ಓಡಬೇಕು. ಯಾವುದರ ಬಗ್ಗೆ ಎಚ್ಚರ ಅಂತ ಬಿಡಿಸಿ ಹೇಳಬೇಕಾದರೆ ಹಿಂದೆಯೇ 'ಫಾರ್' ಬೇಕು, ಅದರ ಹಿಂದೆ ತೆಂಗಿನಕಾಯಿಯ ಹೆಸರು ಬೇಕು. ವಾಕ್ಯ ಮುಗಿಯುವಷ್ಟರಲ್ಲಿ ಕಾಯಿ ಬಿದ್ದು ಚಟ್ನಿಯೂ ಆಗಿರುತ್ತದೆ.

ಈ 'ವಾಚ್' ಮತ್ತು ನಿದ್ದೆಯಿಂದ ಏಳುವ 'ವೇಕ್', ಎರಡೂ ಒಂದೇ ಬೇರಿನವು. ಎಲ್ಲರೂ ಮಲಗಿದಾಗ ಕಣ್ಣು ಬಿಟ್ಟು ಕೂತವನೇ ಕಾವಲುಗಾರ. ಹಡಗಿನಲ್ಲಿ ಸರದಿ ಪ್ರಕಾರ ಮಾಡುವ ಕಾವಲಿಗೂ 'ವಾಚ್' ಅಂತಲೇ ಹೆಸರು. ನಮ್ಮಲ್ಲೂ ಹಾಗೆಯೇ ಅಲ್ವಾ? ಬೆಳಿಗ್ಗೆ ಎಚ್ಚರ ಆಗುತ್ತದೆ, ಹಗಲಿಡೀ ಎಚ್ಚರದಿಂದ ಇರಬೇಕಾಗುತ್ತದೆ. ಜಾಗ್ರತೆ ಕೂಡ ಶಿವರಾತ್ರಿಯ ಜಾಗರಣೆಗೆ ಹತ್ತಿರದ ನೆಂಟ. ಇದನ್ನು ತಿಳಿಯಲು ನಿಘಂಟು ಬೇಡ, ಯಕ್ಷಗಾನ ಬಯಲಾಟ ಸಾಕು. ಮಹಿಷಾಸುರ ದೊಂದಿಯ ಬೆಳಕಿನಲ್ಲಿ, ಕೋಡು ಅಲ್ಲಾಡಿಸುತ್ತಾ, ಆರ್ಭಟಿಸುತ್ತಾ ಜನರ ನಡುವಿನಿಂದಲೇ ಬರುತ್ತಾನೆ. ಕುರ್ಚಿಯಲ್ಲಿ ತೂಕಡಿಸುತ್ತಿದ್ದವರಿಗೆ ಎಚ್ಚರದ ಎರಡೂ ಅರ್ಥ ಒಂದೇ ಏಟಿಗೆ ಗೊತ್ತಾಗುತ್ತದೆ.

'ವಾಚ್ ಔಟ್ ಫಾರ್' ಅಂದರೆ ಯಾವಾಗಲೂ ಹೆದರಿಕೆಯೇ ಅಂತಿಲ್ಲ. ಬರಬೇಕಾದ್ದು ಬಂತಾ ಅಂತ ಆಸೆಯಿಂದ ಕಾಯುವುದಕ್ಕೂ ಅದೇ ಮಾತು. ಮಂಗಳೂರಿನ ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಇದೆ. ಗುರುಪುರ ನದಿಯೊಳಗೆ ಶತ್ರುಗಳ ಹಡಗು ನುಗ್ಗದಿರಲಿ ಅಂತ ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು. ಅಲ್ಲಿಂದ ಹಡಗು ಕಂಡರೆ ಎದೆ ಡವಡವ. ಅದೇ ನೀರಿನ ಕಡೆ ಕಣ್ಣು ನೆಟ್ಟು ಜನ ತಣ್ಣೀರುಬಾವಿ ಬೀಚಿಗೆ ಹೋಗುವ ದೋಣಿ ಎಲ್ಲಿಗೆ ಬಂತು ಅಂತ ನೋಡಿದ್ದೂ ಉಂಟು. ಈ ಎರಡನೇ ಜಾತಿಯ ಕಾವಲೇ ನನಗೆ ಇಷ್ಟ. ಒಂದು ಪೊಟ್ಟಣ ಕಡಲೆ ಇದ್ದರಂತೂ ದೋಣಿ ತಡವಾದರೂ ಬೇಜಾರಿಲ್ಲ.

ಇಂಗ್ಲಿಷಿನ ಈ ಇಬ್ಬಗೆಯನ್ನು ಕಂಡು ನಗುವ ಹಕ್ಕು ನಮಗಿಲ್ಲ ಬಿಡಿ. ನಮ್ಮ 'ನೋಡಿಕೊಳ್ಳುವುದು' ಇನ್ನೂ ದೊಡ್ಡ ಕಿಲಾಡಿ. ಮಂಗಳೂರಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿಗೆ ತಾಯಿಯೊಬ್ಬರು ಶಾಲೆ ಹುಡುಗಿಯನ್ನು ಹತ್ತಿಸುತ್ತಾರೆ. "ಒಬ್ಳೇ ಬರ್ತಾ ಇದ್ದಾಳೆ, ಪಡುಬಿದ್ರಿಯಲ್ಲಿ ಇಳಿಸಿ" ಅನ್ನುತ್ತಾರೆ. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ "ನಾನು ನೋಡ್ಕೊಳ್ತೇನೆ ಅಮ್ಮಾ" ಅಂತ ಸೀಟಿ ಊದುತ್ತಾರೆ. ಮುಂದಿನ ಸ್ಟಾಪಿನಲ್ಲಿ ಇನ್ನೊಂದು ಬಸ್ಸು ಅಡ್ಡ ಬಂದು ಇವರ ಜನರನ್ನೆಲ್ಲ ತುಂಬಿಸಿಕೊಂಡು ಹೋಗುತ್ತದೆ. ಕಂಡಕ್ಟರ್ ಅರ್ಧ ಮೈ ಹೊರಗೆ ಹಾಕಿ ಆ ಬಸ್ಸಿನ ಡ್ರೈವರಿಗೆ ಹೇಳುವುದೂ ಅದೇ: "ನೋಡ್ಕೊಳ್ತೇನೆ!"