ಸಿಗಡಿಗೂ ಒಂದು ಗಡಿ

ಕೊರಿಯಾಕ್ಕೂ ಜಪಾನಿಗೂ ನಡುವೆ ಒಂದು ಸಮುದ್ರ. ಹೆಸರು ಮಾತ್ರ ಕೇಳಬೇಡಿ. ಜಪಾನ್ ಸಮುದ್ರ ಅಂದರೆ ಸೋಲ್‌ನವರಿಗೆ ಸಿಟ್ಟು, ಪೂರ್ವ ಸಮುದ್ರ ಅಂದರೆ ಟೋಕಿಯೊದವರಿಗೆ. ಅದರೊಳಗೆ ಎರಡು ಬಂಡೆಗಳು. ಕೊರಿಯಾದವರಿಗೆ ದೊಕ್ಡೊ, ಜಪಾನಿನವರಿಗೆ ತಾಕೆಶಿಮಾ. ನಮ್ಮದೇ ಅಂತ ಇಬ್ಬರದ್ದೂ ಹಠ. ಸುತ್ತಲಿನ ಚಿಲ್ಲರೆ ಕಲ್ಲುಗಳನ್ನೂ ಸೇರಿಸಿ ಅಳೆದರೆ 0.187 ಚದರ ಕಿ.ಮೀ. ಕಾವಲಿಗೆ ದಕ್ಷಿಣ ಕೊರಿಯಾದ ಪೊಲೀಸರು.

ಕೊರಿಯಾದವರ ನೋವು ಸುಳ್ಳಲ್ಲ. 1905ರಲ್ಲಿ ಜಪಾನ್ ಈ ಬಂಡೆಗಳನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡಿತು. 1910ರಲ್ಲಿ ಕೊರಿಯಾ ದೇಶವನ್ನೇ ನುಂಗಿತು. ಗಾಯ ಜನರದ್ದು. ಬೇಳೆ ಬೇಯಿಸಿಕೊಳ್ಳೋದು ಪಕ್ಷಗಳು.

2012ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಅಂದಿನ ಅಧ್ಯಕ್ಷ ಲೀ ಮ್ಯೂಂಗ್-ಬಾಕ್ ಅವರ ಅಣ್ಣ ಲಂಚದ ಕೇಸಲ್ಲಿ ಜೈಲು ಸೇರಿದರು. ಆಗಸ್ಟ್ 10ಕ್ಕೆ ಅಧ್ಯಕ್ಷರಿಗೆ ಇದ್ದಕ್ಕಿದ್ದಂತೆ ಬಂಡೆ ನೋಡುವ ಆಸೆ! ಅಲ್ಲಿಗೆ ಕಾಲಿಟ್ಟ ಮೊದಲ ಅಧ್ಯಕ್ಷರು ಅವರೇ. ಅದೇ ಹೊತ್ತಿಗೆ ಒಲಿಂಪಿಕ್ಸ್‌ನಲ್ಲಿ ಕೊರಿಯಾ ಫುಟ್‌ಬಾಲ್ ತಂಡ ಜಪಾನನ್ನು 2-0 ಗೋಲಿನಿಂದ ಸೋಲಿಸಿತು. ‘ದೊಕ್ಡೊ ನಮ್ಮ ನೆಲ’ ಅನ್ನೋ ಫಲಕ ಹಿಡಿದ ಕೊರಿಯಾ ಆಟಗಾರ ಪಾರ್ಕ್ ಜೊಂಗ್-ವೂಗೆ ಪದಕ ಪ್ರದಾನದ ವೇದಿಕೆಗೇ ಪ್ರವೇಶ ಸಿಗಲಿಲ್ಲ. ಫಲಕ ಹಿಡಿದರೆ ಶಿಕ್ಷೆ, ಹೆಲಿಕಾಪ್ಟರಲ್ಲಿ ಹೋಗಿ ಇಳಿದರೆ ದೇಶಭಕ್ತಿ.

ಪಕ್ಷ ಬದಲಾಯಿತು, ಬಂಡೆ ಅಡುಗೆಮನೆಗೆ ಬಂತು. 2017ರಲ್ಲಿ ಟ್ರಂಪ್‌ಗೆ ಅಧ್ಯಕ್ಷ ಮೂನ್ ಜೇ-ಇನ್ ಕೊಟ್ಟ ಔತಣದಲ್ಲಿ ‘ದೊಕ್ಡೊ ಸಿಗಡಿ’, ಅಂದರೆ ಆ ಬಂಡೆಗಳ ಹತ್ತಿರದ ಸಿಗಡಿ. ಜಪಾನ್ ಸರ್ಕಾರ ಪ್ರತಿಭಟಿಸಿತು, ಸಿಗಡಿ ವಿರುದ್ಧ! ಮರುವರ್ಷ ಉತ್ತರ ಕೊರಿಯಾದ ಕಿಮ್ ಜೊಂಗ್-ಉನ್ ಊಟಕ್ಕೆ ಬಂದಾಗ ಮಾವಿನ ಹಣ್ಣಿನ ಸಿಹಿ. ಅದರ ಮೇಲೆ ಒಂದಾದ ಕೊರಿಯಾದ ನಕ್ಷೆ, ನಕ್ಷೆಯ ಪಕ್ಕ ಒಂದು ಸಣ್ಣ ಚುಕ್ಕಿ. ಅದೇ ದೊಕ್ಡೊ. ಊಟ ಬಡಿಸುವ ಮೊದಲೇ ಟೋಕಿಯೊದ ಆಕ್ಷೇಪಣೆ ಬಂದಾಗಿತ್ತು. ಅಣ್ವಸ್ತ್ರ ಇಟ್ಟುಕೊಂಡವನು ಎದುರಿಗೇ ಕೂತಿದ್ದ, ಪ್ರಪಂಚ ಸಿಹಿಯ ಮೇಲಿನ ಚುಕ್ಕಿ ಎಣಿಸುತ್ತಿತ್ತು.

ನನಗೆ ಜಾಸ್ತಿ ಇಷ್ಟವಾದದ್ದು 2024ರ ಕಥೆ. ಸೋಲ್‌ನ ಆಂಗುಕ್, ಜಾಮ್‌ಸಿಲ್ ಮೆಟ್ರೊ ಸ್ಟೇಷನ್‌ಗಳಲ್ಲಿದ್ದ ದೊಕ್ಡೊ ಮಾದರಿಗಳನ್ನು ಆಗಸ್ಟ್‌ನಲ್ಲಿ ಎತ್ತಿಬಿಟ್ಟರು. ಜನ ಓಡಾಡೋಕೆ ಜಾಗ ಬೇಕು ಅನ್ನೋದು ಮೆಟ್ರೊ ಕೊಟ್ಟ ಕಾರಣ. ವಿರೋಧ ಪಕ್ಷ ಸುಮ್ನೆ ಬಿಟ್ಟೀತೇ? ‘ದೊಕ್ಡೊ ಅಳಿಸುವ ಸಂಚು’ ಅಂತ ಬೊಬ್ಬೆ ಹಾಕಿ, ಸತ್ಯಶೋಧನೆಗೆ ಸಮಿತಿಯನ್ನೇ ಮಾಡಿತು. ನಿಜವಾದ ಬಂಡೆಗಳು ಅಲುಗದೆ ಇದ್ದಲ್ಲೇ ಇದ್ದವು, ಆ ಮಾತು ಬೇರೆ. ಮೆಟ್ರೊದವರು ಬೆದರಿ, ಅಕ್ಟೋಬರ್ 25ರ ದೊಕ್ಡೊ ದಿನಕ್ಕೆ ಹೊಸ ಮಾದರಿ ಕೂರಿಸುತ್ತೇವೆ ಎಂದರು. ಈ ಸಲ ಗೋಡೆಗೆ. ರಾಷ್ಟ್ರದ ಮಾನವೂ ಉಳಿಯಬೇಕು, ಬೆಳಿಗ್ಗೆ ಆಫೀಸಿಗೆ ಓಡುವವರ ಕಾಲಿಗೂ ಅಡ್ಡ ಬರಬಾರದು, ಅಲ್ವಾ?