ಹಾಲು ತರಬೇಕು, ನೆಟ್‌ಫ್ಲಿಕ್ಸ್ ಕಟ್ಟಬೇಕು

ಮೂವತ್ತು ದಿನದಲ್ಲಿ ಹತ್ತು ಲೈವ್ ಪ್ರಾಜೆಕ್ಟ್, ಜೊತೆಗೆ ಸರ್ಟಿಫಿಕೇಟ್. ಮಂಗಳೂರಿನ ಹಂಪನಕಟ್ಟೆಯಿಂದ ಮಣಿಪಾಲದವರೆಗೆ ಎಲ್ಲಿ ನಿಂತರೂ ಕೋಡಿಂಗ್ ಟ್ರೈನಿಂಗ್ ಸೆಂಟರ್‌ಗಳ ಈ ಜಾಹೀರಾತು ಕಾಣುತ್ತದೆ. ಯಾವ ಹತ್ತು ಅಂತ ಕೇಳಬೇಡಿ, ನಿಮಗೇ ಗೊತ್ತು. ಮಾಡಬೇಕಾದ ಕೆಲಸ ಬರೆದಿಡುವ ಟು-ಡೂ ಲಿಸ್ಟ್, ಕ್ಯಾಲ್ಕುಲೇಟರ್, ವೆದರ್ ಆ್ಯಪ್, ನೆಟ್‌ಫ್ಲಿಕ್ಸ್ ಪುಟದ ನಕಲು ಅಂದರೆ ನೆಟ್‌ಫ್ಲಿಕ್ಸ್ ಕ್ಲೋನ್. ಉಳಿದ ಆರು ಇವಕ್ಕೇ ಬಣ್ಣ ಬದಲಿಸಿದ್ದು.

ಎಂಥಾ ಒಗ್ಗಟ್ಟು ಮಾರ್ರೆ! ಸುರತ್ಕಲ್ಲಿನವನ ಲಿಸ್ಟಿನಲ್ಲೂ ಕುಂದಾಪುರದವಳ ಲಿಸ್ಟಿನಲ್ಲೂ ಮೊದಲ ಸಾಲು ಒಂದೇ: ಹಾಲು ತರಬೇಕು. ರಿಫ್ರೆಶ್ ಒತ್ತಿದರೆ ಹಾಲೂ ಇಲ್ಲ, ಲಿಸ್ಟೂ ಇಲ್ಲ. ಯೂಸರ್ ಪಟ್ಟಿ ತೆರೆದರೆ ಲಿಯಾನ್ ಗ್ರಹಾಂ ಸಿಗುತ್ತಾಳೆ. ಅಭ್ಯಾಸಕ್ಕೆ ಸುಳ್ಳು ಡೇಟಾ ಕೊಡುವ ಜೇಸನ್‌ಪ್ಲೇಸ್‌ಹೋಲ್ಡರ್‌ನ 10 ಮಂದಿಯಲ್ಲಿ ಒಂದನೆಯವಳು. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯಲ್ಲಿ ಅವಳಿಗಿರುವಷ್ಟು ಪರಿಚಯಸ್ಥರು ಯಾವ ಎಮ್ಮೆಲ್ಲೆಗೂ ಇರಲಿಕ್ಕಿಲ್ಲ.

ವೆದರ್ ಆ್ಯಪ್ ಇನ್ನೂ ಚಂದ. ಆ್ಯಪ್‌ಗಳಿಗೆ ಹವಾಮಾನದ ಡೇಟಾ ಕೊಡುವ ಓಪನ್‌ವೆದರ್‌ನ ಕೈಪಿಡಿಯಲ್ಲಿ ಉದಾಹರಣೆಗೆ ಲಂಡನ್ ಕೊಟ್ಟಿದ್ದಾರೆ. ಆದ್ದರಿಂದ ನಮ್ಮವರ ಆ್ಯಪ್‌ನಲ್ಲೂ ಲಂಡನ್ನಿನ ಮೋಡ. ಇಲ್ಲಿ ಪಂಪ್‌ವೆಲ್‌ನಲ್ಲಿ ಮೊಣಕಾಲು ನೀರು.

ಮಳೆಗಾಲದ ರಾತ್ರಿ ಮನೆಮನೆಯಲ್ಲೂ ಒಂದೇ ಪ್ರಶ್ನೆ, ನಾಳೆ ರಜೆ ಉಂಟಾ? ಡಿಸಿ ಆದೇಶಕ್ಕೆ ಮೊದಲೇ ಹಳೆಯ ಆದೇಶ ತಾರೀಕು ತಿದ್ದಿಸಿಕೊಂಡು ವಾಟ್ಸಾಪ್‌ಗೆ ಬಂದಿರುತ್ತದೆ. ಇದಕ್ಕೊಂದು ಪುಟ ಮಾಡಬಹುದಿತ್ತು. ಯಾವ ತಾಲೂಕು, ಪಿಯುವರೆಗೆ ಮಾತ್ರವೋ ಡಿಗ್ರಿಗೂ ಉಂಟೋ, ಅಷ್ಟೇ. ಡೇಟಾಬೇಸ್ ಕಲಿಯಬಹುದು. ಎಲ್ಲರೂ ಒಟ್ಟಿಗೆ ತೆರೆದು ಸರ್ವರ್ ಮಲಗಿದಾಗ ಉಳಿದದ್ದನ್ನೂ ಕಲಿಯಬಹುದು.

ಅಥವಾ ಇವತ್ತು ಯಕ್ಷಗಾನದ ಆಟ ಎಲ್ಲಿ ಅಂತ ಹೇಳುವ ಪುಟ. ಕಟೀಲು ಮೇಳದ ಹರಕೆ ಆಟ ವರ್ಷಗಟ್ಟಲೆ ಮೊದಲೇ ಬುಕ್ ಆಗಿರುತ್ತದೆ. ಅದಕ್ಕೆ ಕ್ಯಾಲೆಂಡರ್ ಕಟ್ಟಿ ನೋಡಿ, ಬೆವರು ಬರುತ್ತದೆ. ರಾತ್ರಿ ಶುರುವಾಗಿ ಬೆಳಿಗ್ಗೆ ಮುಗಿಯುವ ಆಟಕ್ಕೆ ಯಾವ ತಾರೀಕು ಹಾಕುತ್ತೀರಿ? ವೆಬ್ ಪುಟ ಬರೆಯುವ ಭಾಷೆ ಜಾವಾಸ್ಕ್ರಿಪ್ಟ್‌ಗೆ ಜನವರಿ ಅಂದರೆ 0. ಮೇ ತಿಂಗಳೆಂದು 5 ಕೊಟ್ಟರೆ ಜೂನ್ ಬರುತ್ತದೆ. ಅಷ್ಟರಲ್ಲಿ ಮೇಳಗಳ ತಿರುಗಾಟ ಮುಗಿಯುವ ದಿನ ಪತ್ತನಾಜೆ ಕಳೆದು, ಮೇಳದವರು ಗೆಜ್ಜೆ ಬಿಚ್ಚಿ ಮನೆಗೆ ಹೋಗಿರುತ್ತಾರೆ. ಇಂಥದ್ದು ನೆಟ್‌ಫ್ಲಿಕ್ಸ್ ಕ್ಲೋನ್‌ನಲ್ಲಿ ಬರುವುದಿಲ್ಲ. ಅದರಲ್ಲಿ ಸಿನಿಮಾದ ಪೋಸ್ಟರ್ ಮಾತ್ರ ಇರುತ್ತದೆ, ಸಿನಿಮಾ ಇರುವುದಿಲ್ಲ.

ಮಕ್ಕಳನ್ನು ಬೈದು ಏನು ಪ್ರಯೋಜನ? ರೆಸ್ಯೂಮೆಯಲ್ಲಿ ಎಷ್ಟು ಪ್ರಾಜೆಕ್ಟ್ ಅಂತ ಎಣಿಸುತ್ತಾರೆ, ಲಿಂಕ್ ಒತ್ತಿ ನೋಡುವವರು ಕಡಿಮೆ. ಫ್ರೆಶರ್ ಬೇಕು ಅಂತ ಮೇಲೆ ಹಾಕಿ, ಕೆಳಗೆ ಎರಡು ವರ್ಷ ಅನುಭವ ಅಂತ ಬರೆಯುತ್ತಾರೆ. ಆ ಅನುಭವಕ್ಕಾಗಿ ಇಂಟರ್ನ್‌ಶಿಪ್ ಕೇಳಿದರೆ ಸಂಬಳ ಇಲ್ಲ, ಹುಡುಗರೇ ಫೀಸ್ ಕಟ್ಟಬೇಕು. ಸುಮ್ನೆ ನಗಿಸುತ್ತಾ ಹೋಗೋಣ ಅಂತಿದ್ದೆ, ಆಗುತ್ತಿಲ್ಲ. ಬೀಡಿ ಕಟ್ಟಿ ಓದಿಸಿದ ತಾಯಿಯ ಕೈಯಿಂದ ದುಡ್ಡು ತೆಗೆದುಕೊಂಡು, ಅವಳ ಮಗನಿಗೆ ಕ್ಯಾಲ್ಕುಲೇಟರ್ ಕಾಪಿ ಹೊಡೆಸಿ ಕಳಿಸುವುದಕ್ಕೆ ಟ್ರೈನಿಂಗ್ ಅನ್ನುವುದು ಬೇಡ. ಅದು ಮೋಸ. ಆ ಮೋಸಕ್ಕೆ ಇಎಂಐ ಬೇರೆ ಉಂಟು.